ಕಂಪನಿ ಕೊಡಿಸುವ ಆಪ್ತಸಮಾಲೋಚನೆ: ಗೋಪ್ಯತೆ ಎಲ್ಲಿಯವರೆಗೆ?

ಅರೆನಿದ್ದೆ ಕೇಳಿದ್ದಾರೆ:

ಉದ್ಯೋಗಿಗಳಿಗೆ ಉಚಿತ ಆಪ್ತಸಮಾಲೋಚನೆ ಇದೆ, ಅದು ಸಂಪೂರ್ಣ ಗೋಪ್ಯ ಎಂದು ನಮ್ಮ ಕಂಪನಿಯವರು ಒಂದು ಫೋನ್ ನಂಬರನ್ನೂ ಒಂದು ಆ್ಯಪ್‌ನ ಹೆಸರನ್ನೂ ಸೇರಿಸಿ ಆಗಾಗ ಇಮೇಲ್ ಕಳುಹಿಸುತ್ತಾರೆ. ಇಷ್ಟು ದಿನ ಅದನ್ನು ಓದದೆಯೇ ಅಳಿಸುತ್ತಿದ್ದೆ. ಕೆಲವು ತಿಂಗಳಿಂದ ರಾತ್ರಿ ನಿದ್ದೆ ಹತ್ತುತ್ತಿಲ್ಲ. ಭಾನುವಾರ ಸಂಜೆಯಾದರೆ ಎದೆ ಭಾರವಾಗುತ್ತದೆ. ಮೀಟಿಂಗಿನಲ್ಲಿ ಯಾರಾದರೂ ಸಾಧಾರಣ ಪ್ರಶ್ನೆ ಕೇಳಿದರೂ ಸಿಡುಕುವಂತಾಗಿದೆ. ಹೀಗಾಗಿ ಈ ಸಲ ಆ ಇಮೇಲನ್ನು ಉಳಿಸಿಕೊಂಡಿದ್ದೇನೆ, ಆದರೆ ಫೋನ್ ಮಾಡುವ ಧೈರ್ಯ ಬಂದಿಲ್ಲ.

ದುಡ್ಡು ಕೊಡುವವರು ಕಂಪನಿಯವರೇ ಆಗಿರುವಾಗ ಗೋಪ್ಯತೆ ಎಲ್ಲಿಂದ ಬಂತು ಎನ್ನುವುದು ಸಹೋದ್ಯೋಗಿಗಳ ಮಾತು. ನನ್ನ ಬಡ್ತಿಯ ವಿಚಾರ ಇನ್ನೂ ತೀರ್ಮಾನವಾಗಿಲ್ಲ, ಮತ್ತು ನನ್ನ ತೊಂದರೆಯಲ್ಲಿ ಒಂದು ಪಾಲು ನನ್ನ ಮ್ಯಾನೇಜರಿಗೇ ಸಂಬಂಧಿಸಿದ್ದು. ಮೊದಲ ಕರೆಯಲ್ಲಿ ಏನೇನು ಕೇಳುತ್ತಾರೆ, ನಾನು ಹೇಳಿದ್ದರಲ್ಲಿ ಯಾವುದು ಯಾರಿಗೆ ತಲುಪುತ್ತದೆ, ಇದರಿಂದ ನಿಜಕ್ಕೂ ಉಪಯೋಗವಿದೆಯೇ ಎಂಬುದನ್ನು ಅನುಭವವಿದ್ದವರು ತಿಳಿಸಿದರೆ ಉಪಕಾರವಾಗುತ್ತದೆ.

ಕಿವಿಗೊಡು ಉತ್ತರಿಸಿದ್ದಾರೆ:

ಕಂಪನಿಗಳಿಗೆ ಇಂತಹ ಸೇವೆ ಒದಗಿಸುವ ಸಂಸ್ಥೆಯೊಂದರಲ್ಲಿ ಕೆಲವು ವರ್ಷ ಆಪ್ತಸಮಾಲೋಚಕಿಯಾಗಿ ದುಡಿದವಳು ನಾನು. ನಿಮ್ಮ ಸಹೋದ್ಯೋಗಿಗಳ ಅನುಮಾನ ಸಹಜವಾದದ್ದೇ, ಆದರೆ ದುಡ್ಡು ಯಾವ ರೀತಿಯಲ್ಲಿ ಸಂದಾಯವಾಗುತ್ತದೆ ಎಂಬುದನ್ನು ತಿಳಿದರೆ ಅದು ಸಾಕಷ್ಟು ಕಡಿಮೆಯಾಗುತ್ತದೆ. ಬಹಳಷ್ಟು ಕಡೆ ಈ ಸೇವೆಯನ್ನು ಹೊರಗಿನ ಸಂಸ್ಥೆಯೊಂದು ನಡೆಸುತ್ತದೆ, ಮತ್ತು ಕಂಪನಿಯು ಒಟ್ಟು ಉದ್ಯೋಗಿಗಳ ತಲೆಯೆಣಿಕೆಯ ಮೇಲೆ ಶುಲ್ಕ ಕಟ್ಟುತ್ತದೆ. ಆಗ ನೀವು ಬಂದಿರೆಂದು ನಿಮ್ಮ ಹೆಸರಿನಲ್ಲಿ ಬಿಲ್ ಹೋಗುವ ಪ್ರಶ್ನೆಯೇ ಇಲ್ಲ. ನಿಮ್ಮ ಕಡತ ಇರುವುದು ಸೇವೆ ಒದಗಿಸುವ ಸಂಸ್ಥೆಯ ಬಳಿ. ಕಂಪನಿಗೆ ಹೋಗುವುದು ಒಟ್ಟು ಲೆಕ್ಕದ ವರದಿ: ಇಷ್ಟು ಜನ ಬಳಸಿಕೊಂಡರು, ಇಷ್ಟು ಮಂದಿ ಫೋನಿನಲ್ಲಿ, ಇಷ್ಟು ಮಂದಿ ಮುಖತಃ, ಕಾರಣಗಳು ಕುಟುಂಬ, ಕೆಲಸದ ಒತ್ತಡ, ಹಣಕಾಸು ಇತ್ಯಾದಿ. ವಿಭಾಗ ಬಹಳ ಚಿಕ್ಕದಾಗಿದ್ದರೆ ಅದರ ಅಂಕಿಗಳನ್ನು ಬೇರೆಯಾಗಿ ಕೊಡಬಾರದು. ಹದಿನೈದು ಜನರ ತಂಡದಲ್ಲಿ ಒಬ್ಬರಿಗೆ ಕುಡಿತದ ಸಮಸ್ಯೆ ಎಂದು ಬರೆದರೆ ಹೆಸರು ಬರೆದಂತೆಯೇ ಆಯಿತಲ್ಲ. ಹಾಗೆ ಕೊಡುವುದಿಲ್ಲ ತಾನೇ ಎಂದು ಮೊದಲ ಕರೆಯಲ್ಲೇ ಕೇಳುವ ಹಕ್ಕು ನಿಮಗಿದೆ.

ಸಮಾಲೋಚಕರು ಕಂಪನಿಯ ಸಂಬಳದಲ್ಲೇ ಇರುವವರಾದರೆ ಎಚ್ಚರಿಕೆ ಸ್ವಲ್ಪ ಹೆಚ್ಚಿರಲಿ. ಟಿಪ್ಪಣಿಗಳು ಎಲ್ಲಿರುತ್ತವೆ, ಮಾನವ ಸಂಪನ್ಮೂಲ ವಿಭಾಗದವರು ಅವುಗಳನ್ನು ತೆರೆಯಬಲ್ಲರೇ ಎಂದು ನೇರವಾಗಿ ಕೇಳಿ. ಹಾಗೆಂದು ಅಲ್ಲಿ ಗೋಪ್ಯತೆಯೇ ಇರುವುದಿಲ್ಲ ಎಂದು ತಿಳಿಯಬೇಡಿ. ಅಮೆರಿಕದಲ್ಲಿ ಕರ್ತವ್ಯದ ವೇಳೆ ಗುಂಡು ಹಾರಿಸಿ ಒಬ್ಬನ ಸಾವಿಗೆ ಕಾರಣರಾದ ಪೊಲೀಸ್ ಅಧಿಕಾರಿಯೊಬ್ಬರು ಆಮೇಲೆ ಆಪ್ತಸಮಾಲೋಚನೆ ಪಡೆದರು. ಸಮಾಲೋಚಕಿಗೆ ಸಂಬಳ ಕೊಡುತ್ತಿದ್ದದ್ದೂ ಆ ಅಧಿಕಾರಿಯನ್ನು ನೇಮಿಸಿಕೊಂಡಿದ್ದ ಸ್ಥಳೀಯ ಆಡಳಿತವೇ. ಸತ್ತವನ ಕುಟುಂಬದವರು ಹೂಡಿದ ಮೊಕದ್ದಮೆಯಲ್ಲಿ ಆ ಟಿಪ್ಪಣಿಗಳನ್ನು ಹಾಜರುಪಡಿಸಬೇಕೆಂಬ ಒತ್ತಾಯ ಬಂದಾಗ, ಹಾಗೆ ಒತ್ತಾಯಿಸುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪು ಕೊಟ್ಟಿತು. ಕಾನೂನು ದೇಶದಿಂದ ದೇಶಕ್ಕೆ ಬೇರೆ, ಆದ್ದರಿಂದ ಈ ತೀರ್ಪನ್ನು ಎಲ್ಲ ಕಡೆಗೂ ಅನ್ವಯಿಸಲಾಗದು. ಸಂಬಳ ಕೊಡುವವರು ಯಾರು, ಮಾತಿನ ಮೇಲೆ ಹಕ್ಕಿರುವವರು ಯಾರು ಎಂಬುದು ಎರಡು ಬೇರೆ ಪ್ರಶ್ನೆಗಳೆಂದು ತೋರಿಸಲಷ್ಟೇ ಹೇಳಿದೆ.

ಗೋಪ್ಯತೆಗೆ ಮಿತಿಗಳಿವೆ. ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ತಕ್ಷಣದ ಅಪಾಯವಿದ್ದರೆ, ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿರುವುದು ಗೊತ್ತಾದರೆ, ಅಥವಾ ನ್ಯಾಯಾಲಯದ ಆದೇಶ ಬಂದರೆ, ಆಯಾ ದೇಶದ ಕಾನೂನಿನಂತೆ ಸಮಾಲೋಚಕರು ಮಾತನಾಡಬೇಕಾಗಬಹುದು. ಒಳ್ಳೆಯ ಸಮಾಲೋಚಕರು ಈ ಮಿತಿಗಳನ್ನು ನಿಮ್ಮ ಕಥೆ ಶುರುವಾಗುವುದಕ್ಕೆ ಮೊದಲೇ ಹೇಳುತ್ತಾರೆ. ಹೇಳದೆ ಇದ್ದರೆ ನೀವೇ ಕೇಳಿ. ಉತ್ತರ ತಡವರಿಸಿದರೆ ಬೇರೆಯವರನ್ನು ಕೇಳಿಕೊಳ್ಳಿ.

ಮೂರನೇ ಮಹಡಿ ಉತ್ತರಿಸಿದ್ದಾರೆ:

ಬಳಸಿಕೊಂಡವನಾಗಿ ನನ್ನ ಅನುಭವ ಹೇಳುತ್ತೇನೆ. ಮೊದಲ ಕರೆಯನ್ನು ಎತ್ತಿಕೊಂಡವರು ಸಮಾಲೋಚಕರಲ್ಲ, ಅಪಾಯಿಂಟ್‌ಮೆಂಟ್ ಗೊತ್ತುಪಡಿಸುವವರು. ಹೆಸರು, ಕಂಪನಿ, ಉದ್ಯೋಗಿ ಸಂಖ್ಯೆ ಕೇಳಿದರು. ಉದ್ಯೋಗಿ ಸಂಖ್ಯೆ ಎಂದೊಡನೆ ನನಗೆ ಫೋನ್ ಇಟ್ಟುಬಿಡಬೇಕೆನಿಸಿತು. ಏಕೆ ಬೇಕೆಂದು ಕೇಳಿದಾಗ, ಸೌಲಭ್ಯಕ್ಕೆ ಅರ್ಹರೇ ಎಂದು ನೋಡುವುದಕ್ಕಷ್ಟೇ ಎಂದರು. ಕಂಪನಿಯ ಹೆಸರೊಂದೇ ಸಾಕು ಎಂದು ಕೊನೆಗೆ ಒಪ್ಪಿಕೊಂಡರು. ಸಮಾಲೋಚಕರು ಗಂಡಸೋ ಹೆಂಗಸೋ, ಯಾವ ಭಾಷೆಯವರು, ಸಂಜೆಯ ಹೊತ್ತೇ ಬೇಕೋ ಎಂಬುದನ್ನೆಲ್ಲ ಹೇಳಿಕೊಳ್ಳಬಹುದು. ಸಂಕೋಚಪಟ್ಟು ಸಿಕ್ಕಿದವರನ್ನು ಒಪ್ಪಿಕೊಳ್ಳುವ ಅಗತ್ಯವಿಲ್ಲ.

ಇನ್ನೊಂದು ವಿಷಯ ಮೊದಲೇ ಗೊತ್ತಿರಲಿ: ಇದು ಅಲ್ಪಾವಧಿಯ ನೆರವು. ಸಾಮಾನ್ಯವಾಗಿ ಒಂದು ಸಮಸ್ಯೆಗೆ 3ರಿಂದ 8 ಭೇಟಿಗಳವರೆಗೆ ಮಾತ್ರ ಉಚಿತ, ಒಂದೊಂದೂ ಹೆಚ್ಚೂಕಡಿಮೆ 50 ನಿಮಿಷ. ಮೊದಲ ಭೇಟಿಯಲ್ಲಿ ಬಹುಪಾಲು ಫಾರ್ಮು ತುಂಬುವುದರಲ್ಲಿ, ಹಿನ್ನೆಲೆ ಹೇಳುವುದರಲ್ಲಿ ಕಳೆಯುತ್ತದೆ, ಆದ್ದರಿಂದ ಅದೊಂದನ್ನೇ ನೋಡಿ ಇದು ನಿಷ್ಪ್ರಯೋಜಕವೆಂದು ತೀರ್ಮಾನಿಸಬೇಡಿ. ಬಾಲ್ಯದಿಂದ ಹಿಡಿದು ಎಲ್ಲವನ್ನೂ ಬಿಡಿಸಿಕೊಳ್ಳುತ್ತೇನೆಂದು ಹೊರಟರೆ ಭೇಟಿಗಳು ಪೀಠಿಕೆಯಲ್ಲೇ ಮುಗಿಯುತ್ತವೆ. ಒಂದು ವಿಷಯ ಹಿಡಿದುಕೊಂಡು ಹೋಗಿ. ನಿಮ್ಮದರಲ್ಲಿ ನಿದ್ದೆಯೇ ಆಗಬಹುದು.

ಸಲಹೆ ಕೊಡುತ್ತಾರೆಂದು ಹೋದ ನನಗೆ ಅವರು ಪ್ರಶ್ನೆಗಳನ್ನು ಕೊಟ್ಟು ಕಳುಹಿಸಿದರು. ನನಗೂ ನಿಮ್ಮಂತೆಯೇ ರಜೆಯ ಸಂಜೆಗಳು ಹಾಳಾಗುತ್ತಿದ್ದವು. ಅಂತಹ ಒಂದು ಸಂಜೆಯನ್ನು ಗಂಟೆಗಂಟೆಗೂ ವಿವರಿಸಲು ಹೇಳಿದರು. ಏಳು ಗಂಟೆಗೆ, 'ಸುಮ್ಮನೆ ಒಮ್ಮೆ ನೋಡೋಣ' ಎಂದು ಆಫೀಸಿನ ಇಮೇಲ್ ತೆರೆಯುತ್ತಿದ್ದೆ ಎಂಬುದನ್ನು ನಾನು ನಡುವೆ ನುಂಗಿಕೊಂಡು ಮುಂದೆ ಹೋದೆ. ಅವರು ಅಲ್ಲೇ ನಿಲ್ಲಿಸಿ, ಏಳರಿಂದ ಎಂಟರವರೆಗೆ ಏನಾಯಿತು ಎಂದು ಕೇಳಿದರು. ನಮ್ಮ ಕೆಲಸವೆಲ್ಲ ಆ ಒಂದು ಗಂಟೆಯ ಮೇಲೇ ನಡೆಯಿತು. ಪವಾಡವೇನೂ ಆಗಲಿಲ್ಲ, ಆದರೆ ನಿದ್ದೆ ಸುಧಾರಿಸಿತು. ಔಷಧ ಬೇಕಾದವರಿಗೆ ಇದು ಸಾಲದು. ಆಪ್ತಸಮಾಲೋಚಕರು ಔಷಧ ಬರೆದುಕೊಡುವುದಿಲ್ಲ, ಮನೋವೈದ್ಯರ ಬಳಿ ಕಳುಹಿಸುತ್ತಾರೆ.

ಅರೆನಿದ್ದೆ ಮತ್ತೆ ಕೇಳಿದ್ದಾರೆ:

ಇಬ್ಬರಿಗೂ ಧನ್ಯವಾದಗಳು. ಇದನ್ನೆಲ್ಲ ಓದಿ ಆ್ಯಪ್ ತೆರೆದು ನೋಡಿದೆ. ಮೊದಲಿಗೇ ಒಂಬತ್ತು ಪ್ರಶ್ನೆಗಳ ಒಂದು ಫಾರ್ಮ್ ಬಂತು, ಅದರ ಕೊನೆಯ ಪ್ರಶ್ನೆ ಸಾಯುವ ಯೋಚನೆಯ ಕುರಿತದ್ದು. ಅಂತಹ ನಿರ್ಧಾರವೇನೂ ನನ್ನಲ್ಲಿಲ್ಲ, ಆದರೆ ಬೆಳಿಗ್ಗೆ ಏಳದೇ ಇದ್ದರೂ ಚೆನ್ನಾಗಿತ್ತು ಎಂದು ಕೆಲವೊಮ್ಮೆ ಅನ್ನಿಸಿದ್ದುಂಟು. ಅದಕ್ಕೆ ಹೌದು ಎಂದು ಗುರುತು ಹಾಕಿದರೆ ಆಫೀಸಿಗೆ ಫೋನ್ ಹೋಗುತ್ತದೆಯೇ? ಇನ್ನೊಂದು, ಕಳೆದ ವಾರ ಮ್ಯಾನೇಜರೇ 'ಆ ನಂಬರಿಗೆ ಒಮ್ಮೆ ಮಾತಾಡಿ ನೋಡಿ' ಎಂದರು. ಹಾಗಾದರೆ ನಾನು ಹೋದೆನೋ ಇಲ್ಲವೋ ಎಂಬ ವರದಿ ಅವರಿಗೆ ಸಿಗುತ್ತದೆಯೇ?

ಕಿವಿಗೊಡು ಉತ್ತರಿಸಿದ್ದಾರೆ:

ನೀವು ಹೇಳುವ ಫಾರ್ಮ್ ಪಿಎಚ್‌ಕ್ಯೂ-9, ಅಂದರೆ ಖಿನ್ನತೆಯ ಲಕ್ಷಣಗಳನ್ನು ಅಳೆಯುವ ಪ್ರಶ್ನಾವಳಿ, ಇರಬೇಕು. ಕಳೆದ ಎರಡು ವಾರಗಳಲ್ಲಿ ಯಾವ ತೊಂದರೆ ಎಷ್ಟು ಸಲ ಕಾಡಿತು ಎಂದು ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ, ಒಟ್ಟು 27. ಒಂಬತ್ತನೆಯ ಪ್ರಶ್ನೆಗೆ ಸೊನ್ನೆಯಲ್ಲದ ಉತ್ತರ ಬಂದರೆ ಸಮಾಲೋಚಕರು ಅದರ ಬಗ್ಗೆ ಬಿಡಿಸಿ ಕೇಳುತ್ತಾರೆ: ಆ ಯೋಚನೆ ಬಂದು ಹೋಗುವಂಥದೋ, ಹೇಗೆ ಎಂಬ ಯೋಜನೆಯೂ ಇದೆಯೋ, ಅದಕ್ಕೆ ಬೇಕಾದದ್ದು ಕೈಗೆಟಕುವಂತಿದೆಯೋ, ಹಿಂದೆ ಎಂದಾದರೂ ಪ್ರಯತ್ನಿಸಿದ್ದುಂಟೋ, ಮನೆಯಲ್ಲಿ ಜೊತೆಗೆ ಯಾರಿದ್ದಾರೆ. ಇದು ವಿಚಾರಣೆಯಲ್ಲ. ಏಳದಿದ್ದರೆ ಚೆನ್ನಾಗಿತ್ತು ಎಂದು ಹೇಳಿಕೊಂಡವರು ಸಮಾಲೋಚಕರ ಎದುರು ದಿನವೂ ಕುಳಿತಿರುತ್ತಾರೆ, ಮತ್ತು ಅವರಲ್ಲಿ ಬಹುತೇಕರ ಮಾತು ಆ ಕೋಣೆಯಲ್ಲೇ ಉಳಿಯುತ್ತದೆ. ಗೋಪ್ಯತೆ ಮುರಿಯಬೇಕಾಗುವುದು ಅಪಾಯ ಇಂದೋ ನಾಳೆಯೋ ಎನ್ನುವಷ್ಟು ಹತ್ತಿರವಿದ್ದು, ಅದನ್ನು ತಡೆಯಲು ಬೇರೆ ದಾರಿ ಕಾಣದಾಗ. ಆಗಲೂ ವಿಷಯ ಹೋಗುವುದು ನಿಮ್ಮನ್ನು ಕಾಪಾಡಬಲ್ಲವರಿಗೆ, ಅಂದರೆ ನೀವು ಹೆಸರು ಕೊಟ್ಟ ಮನೆಯವರಿಗೋ ತುರ್ತು ಸೇವೆಗೋ. ನಿಮ್ಮ ಬಡ್ತಿಯ ತೀರ್ಮಾನ ಮಾಡುವವರಿಗೆ ಅದನ್ನು ತಿಳಿಸುವುದರಿಂದ ಯಾರ ಜೀವವೂ ಉಳಿಯುವುದಿಲ್ಲ.

ಆದ್ದರಿಂದ ಆ ಪ್ರಶ್ನೆಗೆ ನಿಜವಾದ ಉತ್ತರವನ್ನೇ ಬರೆಯಿರಿ. ಅಲ್ಲಿ ಸೊನ್ನೆ ಹಾಕಿದರೆ ಸಮಾಲೋಚಕರು ನಿಮ್ಮನ್ನು ಬರೀ ನಿದ್ದೆಗೆಟ್ಟವರೆಂದು ತಿಳಿದು ಕೆಲಸ ಶುರು ಮಾಡುತ್ತಾರೆ. ಎಂದಾದರೂ ಆ ಯೋಚನೆ ಬಲವಾದರೆ ಅಪಾಯಿಂಟ್‌ಮೆಂಟಿಗಾಗಿ ಕಾಯದೆ ತುರ್ತು ಸಹಾಯವಾಣಿಗೋ ಆಸ್ಪತ್ರೆಗೋ ಆ ಕ್ಷಣವೇ ಹೋಗಿ. ಫಾರ್ಮನ್ನು ಆ್ಯಪ್‌ನಲ್ಲೇ ತುಂಬುವುದಿದ್ದರೆ ಉತ್ತರಗಳು ಯಾರ ಬಳಿ ಉಳಿಯುತ್ತವೆ ಎಂದು ಅದರ ಗೋಪ್ಯತಾ ನೀತಿಯಲ್ಲಿ ನೋಡಿ. ಇಷ್ಟವಾಗದಿದ್ದರೆ ಫೋನ್ ಮಾಡಿ ಹೋಗಿ.

ಎರಡನೆಯ ಪ್ರಶ್ನೆಗೆ ಸ್ವಲ್ಪ ಹಿನ್ನೆಲೆ ಬೇಕು. ಈ ಸೇವೆಗಳ ಮೂಲ 1940ರ ದಶಕದ ಅಮೆರಿಕದಲ್ಲಿ, ಕುಡಿತಕ್ಕೆ ಬಿದ್ದ ಕೆಲಸಗಾರರಿಗಾಗಿ ಕಾರ್ಖಾನೆಗಳು ನಡೆಸಿದ ಕಾರ್ಯಕ್ರಮಗಳಲ್ಲಿದೆ. ಆಗ ಕೆಲಸ ಕೆಡುತ್ತಿರುವುದನ್ನು ಗಮನಿಸಿ ಮೇಲ್ವಿಚಾರಕರೇ ಕಳುಹಿಸುತ್ತಿದ್ದರು. 1970ರ ದಶಕದಿಂದ ಕುಟುಂಬ, ಸಾಲ, ಮಾನಸಿಕ ಒತ್ತಡ ಎಲ್ಲವೂ ಸೇರಿ, ಜನ ತಾವಾಗಿಯೇ ಬರತೊಡಗಿದರು. ಆ ಹಳೆಯ ಬಾಗಿಲು ಮಾತ್ರ ಇನ್ನೂ ಮುಚ್ಚಿಲ್ಲ. ಮ್ಯಾನೇಜರ್ ಲಿಖಿತವಾಗಿ, ಕೆಲಸದ ಗುಣಮಟ್ಟದ ಕಾರಣ ಕೊಟ್ಟು ಕಳುಹಿಸಿದರೆ ಅದು ಅಧಿಕೃತ ಶಿಫಾರಸು. ಆಗ ನಿಮ್ಮಿಂದ ಸಮ್ಮತಿಪತ್ರಕ್ಕೆ ಸಹಿ ಪಡೆದು, ಬಂದರೋ ಇಲ್ಲವೋ, ಹೇಳಿದ ಕ್ರಮ ಅನುಸರಿಸುತ್ತಿದ್ದಾರೋ ಇಲ್ಲವೋ ಎಂಬಷ್ಟನ್ನು ತಿಳಿಸಬಹುದು. ಒಳಗೆ ಏನು ಮಾತಾಡಿದಿರಿ ಎಂಬುದನ್ನಲ್ಲ. ನಿಮ್ಮ ಮ್ಯಾನೇಜರ್ ಬಾಯಿಮಾತಿನಲ್ಲಿ ಹೇಳಿದ್ದು ಈ ಲೆಕ್ಕಕ್ಕೆ ಬರುವುದಿಲ್ಲ. ನೀವಾಗಿಯೇ ಕರೆ ಮಾಡಿದರೆ ನೀವು ಸ್ವಯಂ ಬಂದವರು, ಹೋಗಿ ಬಂದಿರಾ ಎಂದು ಅವರು ಕೇಳಿದರೂ ಉತ್ತರ ಕೊಡಲೇಬೇಕೆಂದಿಲ್ಲ. ಯಾವುದಾದರೂ ಕಾಗದಕ್ಕೆ ಸಹಿ ಕೇಳಿದರೆ ಮಾತ್ರ ಯಾರಿಗೆ, ಯಾವ ಮಾಹಿತಿ, ಎಲ್ಲಿಯವರೆಗೆ ಎಂಬ ಮೂರನ್ನೂ ಓದಿಯೇ ಸಹಿ ಹಾಕಿ.

ಕಡತಪಾಲಕ ಉತ್ತರಿಸಿದ್ದಾರೆ:

ನಾನಿರುವುದು ಮಾನವ ಸಂಪನ್ಮೂಲ ವಿಭಾಗದಲ್ಲಿ, ಅಂದರೆ ನೀವೆಲ್ಲ ಹೆದರುವ ಆ ವರದಿ ಬಂದು ಬೀಳುವ ಮೇಜಿನ ಮುಂದೆ. ಮೂರು ತಿಂಗಳಿಗೊಮ್ಮೆ ಬರುವ ಅದರಲ್ಲಿ ಒಂದು ಪಟ್ಟಿ, ಒಂದೆರಡು ಬಣ್ಣದ ಚಿತ್ರಗಳು, ಶೇಕಡಾವಾರು ಲೆಕ್ಕ. ಹೆಸರು ಹುಡುಕಿದರೂ ಸಿಗದು. ಗುಟ್ಟು ಬಯಲಾದದ್ದನ್ನು ನಾನು ನೋಡಿದ್ದುಂಟು, ಆದರೆ ಅದು ಸಮಾಲೋಚಕರ ಕಡೆಯಿಂದ ಅಲ್ಲ: ಆಫೀಸಿನ ಕ್ಯಾಲೆಂಡರಿನಲ್ಲಿ ಎಲ್ಲರಿಗೂ ಕಾಣುವಂತೆ ನಮೂದಿಸಿದ ಅಪಾಯಿಂಟ್‌ಮೆಂಟಿನಿಂದ, ಕಂಪನಿಯ ಇಮೇಲಿಗೆ ಬಂದ ಜ್ಞಾಪನೆಯಿಂದ, ಗಾಜಿನ ಗೋಡೆಯ ಮೀಟಿಂಗ್ ಕೋಣೆಯಲ್ಲಿ ಕುಳಿತು ಮಾಡಿದ ವಿಡಿಯೋ ಕರೆಯಿಂದ. ಸ್ವಂತ ಫೋನ್, ಸ್ವಂತ ಇಮೇಲ್, ಸ್ವಂತ ಇಂಟರ್ನೆಟ್ ಬಳಸಿ. ಕಂಪನಿಯ ಲ್ಯಾಪ್‌ಟಾಪಿನಲ್ಲಿ ಮಾಡಿದ್ದು ಕಂಪನಿಗೆ ಕಾಣಬಹುದು ಎಂದೇ ಎಣಿಸಿ.

ಕೆಲಸಕ್ಕೆ ಅರ್ಹರೇ ಎಂದು ಪರೀಕ್ಷಿಸಲು ಕಂಪನಿಯೇ ವೈದ್ಯರ ಬಳಿ ಕಳುಹಿಸುವುದು ಸಂಪೂರ್ಣ ಬೇರೆ ವಿಷಯ. ಅಲ್ಲಿ ವರದಿ ಕಂಪನಿಗೆ ಬರಲೆಂದೇ ಪರೀಕ್ಷೆ ನಡೆಯುತ್ತದೆ. ಎರಡನ್ನೂ ಒಂದೆಂದು ತಿಳಿದು ಮನಸ್ಸು ಬಿಚ್ಚಬೇಡಿ.

ಇನ್ನು ಮ್ಯಾನೇಜರರ ವಿಚಾರ. ಆಪ್ತಸಮಾಲೋಚಕರಿಗೆ ಹೇಳಿಕೊಂಡರೆ ಕಂಪನಿಗೆ ದೂರು ಕೊಟ್ಟಂತಾಗುವುದಿಲ್ಲ. ಅದು ನಮ್ಮವರೆಗೆ ಬರುವುದೇ ಇಲ್ಲ, ಆದ್ದರಿಂದ ಅದರ ಮೇಲೆ ನಾವು ಯಾವ ಕ್ರಮವನ್ನೂ ಕೈಗೊಳ್ಳಲಾಗದು. ಮೂವರ ಕೆಲಸ ಒಬ್ಬರ ತಲೆಯ ಮೇಲಿದ್ದರೆ ಉಸಿರಾಟದ ಅಭ್ಯಾಸದಿಂದ ಅದು ಇಳಿಯುವುದಿಲ್ಲ, ಮತ್ತು ಕೆಲವು ಕಂಪನಿಗಳು ಈ ನಂಬರನ್ನು ಕೊಟ್ಟು ಕೈತೊಳೆದುಕೊಳ್ಳುತ್ತವೆ ಎಂಬ ಮಾತಿನಲ್ಲಿ ಹುರುಳಿದೆ. ಕಿರುಕುಳವೋ ತಾರತಮ್ಯವೋ ನಡೆಯುತ್ತಿದ್ದರೆ ಅದಕ್ಕೆಂದೇ ಇರುವ ದೂರಿನ ದಾರಿಯಲ್ಲಿ, ದಿನಾಂಕಗಳ ಸಮೇತ, ಲಿಖಿತವಾಗಿ ಬರಬೇಕು. ನಮ್ಮ ಬಳಿ ಸುಮ್ಮನೆ ಹಗುರವಾಗಲು ಹೇಳಿಕೊಂಡು ಆಮೇಲೆ ಯಾರಿಗೂ ಹೇಳಬೇಡಿ ಎಂದರೆ ಅದನ್ನು ನಡೆಸಿಕೊಡಲು ಎಷ್ಟೋ ಸಲ ನಿಯಮ ಬಿಡುವುದಿಲ್ಲ. ದೂರು ಕೊಡಬೇಕೇ ಬೇಡವೇ, ಕೊಟ್ಟರೆ ಏನೆಂದು ಬರೆಯಬೇಕು, ಆಮೇಲಿನ ವಾರಗಳನ್ನು ಹೇಗೆ ನಿಭಾಯಿಸಬೇಕು ಎಂಬುದನ್ನು ಮೊದಲು ಸಮಾಲೋಚಕರ ಜೊತೆ ಕುಳಿತು ಯೋಚಿಸಿ, ತೀರ್ಮಾನವಾದ ಮೇಲೆ ನಮ್ಮ ಬಳಿ ಬನ್ನಿ.