ಸಹಾಯ ಬೇಕು: ಯುವಕ ಮಂಡಲದ ಕಟ್ಟಡದ ಮಾಡು (ಛಾವಣಿ) ಮತ್ತು ಜಾಗದ ದಾಖಲೆ

ಎಲ್ಲರಿಗೂ ನಮಸ್ಕಾರ. ಕಾರ್ಕಳ ತಾಲೂಕಿನ ನಮ್ಮ ಹಳ್ಳಿಯ ಯುವಕ ಮಂಡಲದ ಕಟ್ಟಡಕ್ಕೆ ನಿಮ್ಮ ಸಲಹೆ ಬೇಕು. ಹಳೇ ಮಂಗಳೂರು ಹಂಚಿನ ಮಾಡು. ಹಂಚು ಹೊರುವ ಮರದ ಪಕ್ಕಾಸು, ರೀಪುಗಳಿಗೆಲ್ಲ ಒರಲೆ (ಗೆದ್ದಲು) ಹಿಡಿದಿದೆ. ಕೇರಂ ಬೋರ್ಡಿನ ಮೇಲಿರುವ ಪಕ್ಕಾಸನ್ನು ಉಗುರಲ್ಲಿ ಕೆರೆದರೆ ಸಾಕು, ಪುಡಿ ಉದುರುತ್ತದೆ. ಕೆಂಪುಕಲ್ಲಿನ ಗೋಡೆ ಮಾತ್ರ ಗಟ್ಟಿಯಾಗಿದೆ.

ಇದು ಬರೀ ಹುಡುಗರ ಜಾಗ ಅಲ್ಲ. ಪಕ್ಕದ ಕಾಲೊನಿಯ ಮಕ್ಕಳು ಸಂಜೆ ಇಲ್ಲೇ ಓದುತ್ತಾರೆ. ಸ್ವಸಹಾಯ ಸಂಘದ ಅಕ್ಕಂದಿರ ವಾರದ ಸಭೆ ಇಲ್ಲೇ. ಅಷ್ಟಮಿಗೆ ಮೊಸರು ಕುಡಿಕೆ ಎದುರಿನ ವಾಲಿಬಾಲ್ ಅಂಗಳದಲ್ಲಿ. ಜೋರು ಮಳೆ ಬಂದರೆ ಬಸ್ಸಿಗೆ ಕಾಯುವವರೆಲ್ಲ ಇದೇ ಜಗಲಿಗೆ ಓಡಿ ಬರುತ್ತಾರೆ. ಮಾಡು ಕುಸಿದರೆ ಯಾರ ತಲೆ ಮೇಲೆ ಬೀಳುತ್ತದೋ ಅನ್ನೋ ಹೆದರಿಕೆ ನಮಗೆ.

ಅನುದಾನ ಕೇಳಲು ದಾಖಲೆಯದ್ದೇ ತೊಡಕು. ಮಂಡಲ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿದೆ, ಆದರೆ ಕೆಲವು ವರ್ಷಗಳ ಆಡಿಟ್ ವರದಿ ಸಲ್ಲಿಸಲು ಬಾಕಿ. ಜಾಗದ ಆರ್‌ಟಿಸಿ (ಪಹಣಿ) ಇನ್ನೂ ದಾನ ಕೊಟ್ಟ ಹಿರಿಯರ ಹೆಸರಲ್ಲೇ ಇದೆ. ಅವರು ಈಗಿಲ್ಲ. ಮಕ್ಕಳು ಬರೆದುಕೊಡಲು ಒಪ್ಪಿದ್ದಾರೆ, ಅದು ಅವರ ದೊಡ್ಡತನ. ಮೊದಲು ಅವರ ಹೆಸರಿಗೆ ಖಾತೆಯಾಗಿ ಆಮೇಲೆ ದಾನಪತ್ರ ಆಗಬೇಕಾ? ಪಂಚಾಯತಿನ ನಮೂನೆ 9, 11 (ಆಸ್ತಿಯ ಖಾತೆ ದಾಖಲೆಗಳು) ಸಿಗಲು ಏನೆಲ್ಲ ಕೊಡಬೇಕು? ನಿಮ್ಮೂರಿನ ಮಂಡಲಕ್ಕೆ ಮಾಡಿಸಿದವರು ದಯವಿಟ್ಟು ತಿಳಿಸಿ.

ಇನ್ನೊಂದು, ಮರ ಬಿಟ್ಟು ಕಬ್ಬಿಣದ ಪೈಪ್ ಹಾಕಿ ಅದೇ ಹಂಚು ಹೊದಿಸಿದವರು ಇದ್ದೀರಾ? ಕಡಲ ಗಾಳಿಗೆ ತುಕ್ಕು ಜಾಸ್ತಿ ಅಲ್ವಾ, ಯಾವ ಪೈಪ್ ಬಾಳಿಕೆ ಬರುತ್ತದೆ? ಒಡೆಯದ ಹಂಚೆಲ್ಲ ಉಳಿಸಿಕೊಳ್ಳುವ ಆಸೆ. ಬಿಚ್ಚುವ, ಹೊರುವ ಕೆಲಸಕ್ಕೆ ನಮ್ಮ ಹುಡುಗರೇ ಇದ್ದಾರೆ. ಮುಂಗಾರಿಗೆ ಮೊದಲು ಕೆಲಸ ಮುಗಿಯಬೇಕು. ಗೊತ್ತಿದ್ದವರು ಇಲ್ಲೇ ಬರೆಯಿರಿ.