ಕಣ್ಣಿಗೆ ಚಂದ ಕಾಣುವ ಬೆಟ್ಟ ಫೋಟೋದಲ್ಲಿ ಯಾಕೆ ಸಪ್ಪೆ?

ಹೊಸಹಾದಿ:

ಎಲ್ಲರಿಗೂ ನಮಸ್ಕಾರ. ಲ್ಯಾಂಡ್‌ಸ್ಕೇಪ್ ಫೋಟೋ ತೆಗೆಯೋಕೆ ಈಚೆಗೆ ಶುರು ಮಾಡಿದ್ದೇನೆ. ಕ್ಯಾಮೆರಾ ಜೊತೆ ಬಂದ 18-55 ಎಂಎಂ ಲೆನ್ಸ್ (18 ಅಂದರೆ ವೈಡ್, 55 ಅಂದರೆ ಝೂಮ್) ಇದೆ, ಒಂದು ಟ್ರೈಪಾಡ್ ಇದೆ, ಅಷ್ಟೇ.

ಜೊತೆಗೆ ಹಾಕಿರುವ ಫೋಟೋ ನೋಡಿ. ಸೂರ್ಯ ಹುಟ್ಟುವ ಹೊತ್ತು, ಮುಂದೆ ಕೆರೆ, ಆಚೆ ದಡದಲ್ಲಿ ಬೆಟ್ಟ, ಬೆಟ್ಟದ ಬುಡದಲ್ಲಿ ಮಂಜು, ಮೇಲೆ ಮೋಡ. ಅಲ್ಲಿ ನಿಂತಾಗ ಬೆಟ್ಟ ಮೈಮೇಲೆ ಬರುವ ಹಾಗಿತ್ತು, ಫೋಟೋದಲ್ಲಿ ನೋಡಿದರೆ ಒಂದು ಸಣ್ಣ ದಿಬ್ಬ. ದಡದ ಗೆರೆ ಸರಿಯಾಗಿ ಮಧ್ಯದಲ್ಲಿ ಬಂದಿದೆ, ಆಕಾಶದ ಒಂದು ಭಾಗ ಬರೀ ಬಿಳಿ. ಎಡಿಟ್ ಮಾಡೋಣ ಅಂತ ಸ್ಯಾಚುರೇಷನ್ (ಬಣ್ಣದ ಗಾಢತೆ), ಕ್ಲಾರಿಟಿ (ಅಂಚುಗಳ ಕಾಂಟ್ರಾಸ್ಟ್) ಎರಡನ್ನೂ ಜಾಸ್ತಿ ಮಾಡಿದೆ, ಆಗ ಮರಗಳೆಲ್ಲ ಪ್ಲಾಸ್ಟಿಕ್ ಹಸಿರು ಆದವು.

ತೊಂದರೆ ಇರುವುದು ತೆಗೆಯುವುದರಲ್ಲಿಯಾ, ಎಡಿಟಿಂಗ್‌ನಲ್ಲಿಯಾ? ಇನ್ನೂ ವೈಡ್ ಲೆನ್ಸ್ ತಗೋಬೇಕಾ?

ನೆರಳುಬೆಳಕು:

ಲೆನ್ಸ್ ಬೇಡ. ಇನ್ನೂ ವೈಡ್ ತಗೊಂಡರೆ ಬೆಟ್ಟ ಇನ್ನೂ ಸಣ್ಣದಾಗುತ್ತದೆ.

ಮೊದಲು ಒಂದು ಮಾತು ಹೇಳಿ, ಇದು ಯಾವುದರ ಫೋಟೋ? ಬೆಟ್ಟದ್ದಾ, ಮೋಡದ್ದಾ, ನೀರಿನಲ್ಲಿರುವ ಪ್ರತಿಬಿಂಬದ್ದಾ? ಮೂರೂ ಚೆನ್ನಾಗಿವೆ, ಆದರೆ ಮೂರಕ್ಕೂ ಹೆಚ್ಚುಕಡಿಮೆ ಒಂದೇ ಜಾಗ ಕೊಟ್ಟಿದ್ದೀರಿ, ಹಾಗಾಗಿ ನೋಡುವವರ ಕಣ್ಣು ಸುಮ್ನೆ ಸುತ್ತಾಡುತ್ತದೆ, ಎಲ್ಲೂ ನಿಲ್ಲುವುದಿಲ್ಲ. ಅಲ್ಲಿ ನಿಂತಿದ್ದಾಗ ನಿಮ್ಮ ಗಮನವೆಲ್ಲ ಬೆಟ್ಟದ ಮೇಲಿತ್ತು, ಉಳಿದದ್ದನ್ನು ಮನಸ್ಸೇ ಬದಿಗೆ ಸರಿಸಿತ್ತು. ಕ್ಯಾಮೆರಾ ಹಾಗೆ ಸರಿಸುವುದಿಲ್ಲ, ಆ ಕೆಲಸ ನೀವೇ ಮಾಡಬೇಕು. ಕಂಪೋಸಿಷನ್ ಅಂದರೆ ನನ್ನ ಲೆಕ್ಕದಲ್ಲಿ ಮುಕ್ಕಾಲು ಪಾಲು ಇದೇ.

ಬೆಟ್ಟವೇ ಮುಖ್ಯ ಅಂತಾದರೆ ಎರಡು ದಾರಿ ಇದೆ. ಒಂದು, 55ಕ್ಕೆ ಝೂಮ್ ಮಾಡಿ ಬೆಟ್ಟ, ಅದರ ಬುಡದ ಮಂಜು, ಒಂದು ಪಟ್ಟಿ ನೀರು, ಇಷ್ಟನ್ನೇ ಇಟ್ಟುಕೊಳ್ಳಿ. ಲ್ಯಾಂಡ್‌ಸ್ಕೇಪ್ ಅಂದರೆ ವೈಡೇ ಇರಬೇಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ಹಾಗೇನೂ ಇಲ್ಲ.

ಎರಡನೆಯದು, 18ರಲ್ಲೇ ಇದ್ದು ಹತ್ತಿರದಲ್ಲಿ ಏನಾದರೂ ಇಡುವುದು. ನಿಮ್ಮ ಫೋಟೋದ ಎಡ ಮೂಲೆಯಲ್ಲಿ ಒಂದು ಕಲ್ಲು ಅರ್ಧ ಕತ್ತರಿಸಿ ಹೋಗಿದೆ ನೋಡಿ. ಆ ಕಲ್ಲು ಚೆನ್ನಾಗಿದೆ, ಅದರ ಮೇಲಿನ ಬಿರುಕು ನೇರ ಬೆಟ್ಟದ ಕಡೆಗೇ ಹೋಗುತ್ತಿದೆ. ಕಲ್ಲಿನ ಹತ್ತಿರ ಹೋಗಿ, ಟ್ರೈಪಾಡ್ ಮೊಣಕಾಲಿನ ಎತ್ತರಕ್ಕೆ ಇಳಿಸಿ, ಕಲ್ಲು ಪೂರ್ತಿ ಫ್ರೇಮ್ ಒಳಗೆ ಬರುವ ಹಾಗೆ ಇಟ್ಟಿದ್ದರೆ ಕಣ್ಣು ಕಲ್ಲಿನಿಂದ ನೀರಿಗೆ, ನೀರಿನಿಂದ ಬೆಟ್ಟಕ್ಕೆ ತಾನಾಗಿ ಹೋಗುತ್ತಿತ್ತು. ಆದರೆ ತೀರಾ ಕೆಳಗೆ ಇಳಿಯಬೇಡಿ. ಕಲ್ಲಿನ ತುದಿ ಹೋಗಿ ಆಚೆ ದಡದ ಗೆರೆಗೆ ತಾಗಿದರೆ ಎರಡೂ ಅಂಟಿಕೊಂಡ ಹಾಗೆ ಕಾಣುತ್ತವೆ, ನಡುವಿನ ದೂರವೇ ಮಾಯ. ಕಲ್ಲಿಗೂ ದಡಕ್ಕೂ ಮಧ್ಯೆ ಒಂದಿಷ್ಟು ನೀರು ಕಾಣುವವರೆಗೆ ಕ್ಯಾಮೆರಾ ಮೇಲೆತ್ತಿ. ಒಂದು ಗೇಣು ಎತ್ತರ ಕೂಡ ಅಲ್ಲಿ ದೊಡ್ಡ ವ್ಯತ್ಯಾಸ ಮಾಡುತ್ತದೆ.

ದಡದ ಗೆರೆ ಮಧ್ಯದಲ್ಲಿ ಬರಲೇಬಾರದು ಅಂತಿಲ್ಲ. ಪ್ರತಿಬಿಂಬವೇ ವಿಷಯ ಆಗಿದ್ದರೆ ಮಧ್ಯವೇ ಸರಿ. ನಿಮ್ಮದರಲ್ಲಿ ಗಾಳಿಗೆ ನೀರು ಕದಡಿದೆ, ಪ್ರತಿಬಿಂಬ ಅರ್ಧಂಬರ್ಧ, ಹಾಗಾಗಿ ಗೆರೆಯನ್ನು ಮೇಲಿನ ಮೂರನೇ ಒಂದು ಭಾಗಕ್ಕೋ ಕೆಳಗಿನದಕ್ಕೋ ತಳ್ಳುವುದು ಒಳ್ಳೆಯದು. ಕ್ಲಿಕ್ ಮಾಡುವ ಮುಂಚೆ ಫ್ರೇಮಿನ ನಾಲ್ಕೂ ಅಂಚು ಒಮ್ಮೆ ನೋಡಿ, ಬಲಗಡೆ ಮೇಲೆ ಒಂದು ರೆಂಬೆಯ ತುದಿ ಇಣುಕುತ್ತಿದೆ.

ಮಂಜುಮುಂಜಾನೆ:

ಮೇಲಿನವರು ಹೇಳಿದ್ದು ಸರಿ. ನಾನು ಆ ಬಿಳಿ ಆಕಾಶದ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಅದನ್ನು ಎಡಿಟಿಂಗ್‌ನಲ್ಲಿ ವಾಪಸ್ ತರೋಕೆ ಆಗಲ್ಲ. ಪೂರ್ತಿ ಬಿಳಿ ಆದ ಜಾಗದಲ್ಲಿ ಮಾಹಿತಿಯೇ ಇರುವುದಿಲ್ಲ.

ನೀವು ಜೆಪೆಗ್‌ನಲ್ಲಿ ತೆಗೆದಿದ್ದೀರಿ ಅನಿಸುತ್ತದೆ, ರಾ ಫಾರ್ಮ್ಯಾಟ್‌ಗೆ, ಅಂದರೆ ಸೆನ್ಸರ್ ಹಿಡಿದ ಮಾಹಿತಿಯನ್ನು ಹಾಗೇ ಇಟ್ಟುಕೊಳ್ಳುವ ಫೈಲ್‌ಗೆ, ಬದಲಾಯಿಸಿ. ಜೆಪೆಗ್ 8 ಬಿಟ್, ಅಂದರೆ ಒಂದೊಂದು ಬಣ್ಣಕ್ಕೆ ಕಪ್ಪಿನಿಂದ ಬಿಳಿಯವರೆಗೆ 256 ಮೆಟ್ಟಿಲು. ರಾ ಸಾಮಾನ್ಯವಾಗಿ 12 ಅಥವಾ 14 ಬಿಟ್, ಅಂದರೆ 4096 ಅಥವಾ 16384. ಕತ್ತಲಾದ ಬೆಟ್ಟವನ್ನು ಆಮೇಲೆ ಬೆಳಗಿಸುವಾಗ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ, ಜೆಪೆಗ್‌ನಲ್ಲಿ ಕಲೆಕಲೆಯಾಗಿ ಒಡೆಯುತ್ತದೆ.

ತೆಗೆಯುವಾಗ ಹಿಸ್ಟೋಗ್ರಾಮ್ ನೋಡಿ, ಅಂದರೆ ಎಡಗಡೆ ಕತ್ತಲೆ, ಬಲಗಡೆ ಬೆಳಕು ಎಷ್ಟಿದೆ ಅಂತ ತೋರಿಸುವ ಗ್ರಾಫ್. ಗ್ರಾಫ್ ಬಲಗಡೆ ಗೋಡೆಗೆ ಹೋಗಿ ಗುದ್ದಿದ್ದರೆ ಆಕಾಶ ಸುಟ್ಟಿದೆ ಅಂತ ಅರ್ಥ, ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಫೋಟೋದ ಬೆಳಕು ಹೆಚ್ಚುಕಡಿಮೆ ಮಾಡುವ ಸೆಟ್ಟಿಂಗ್) ಮೈನಸ್ 1ರ ಆಸುಪಾಸು ಇಳಿಸಿ ಮತ್ತೆ ತೆಗೆಯಿರಿ. ಪರದೆಯಲ್ಲಿ ಫೋಟೋ ಸ್ವಲ್ಪ ಕತ್ತಲೆ ಕಂಡರೂ ಪರವಾಗಿಲ್ಲ. ಸೂರ್ಯ ಫ್ರೇಮಿನಲ್ಲೇ ಇದ್ದರೆ ಒಂದು ಫೋಟೋಗೆ ಅಷ್ಟೂ ಬೆಳಕು ಹಿಡಿಸುವುದಿಲ್ಲ, ಆಗ ಬ್ರ್ಯಾಕೆಟಿಂಗ್ ಹಾಕಿ ಕತ್ತಲೆ, ಸರಿ, ಬೆಳಕು ಅಂತ ಮೂರು ತೆಗೆದು ಆಮೇಲೆ ಸೇರಿಸಬಹುದು.

ಟ್ರೈಪಾಡ್ ಇದೆಯಲ್ಲ, ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 100, ಅಪರ್ಚರ್ (ಲೆನ್ಸಿನ ತೂತು, ಸಂಖ್ಯೆ ದೊಡ್ಡದಾದಷ್ಟು ತೂತು ಸಣ್ಣದು) ಎಫ್ 8ರಿಂದ ಎಫ್ 11. ಎಲ್ಲವೂ ಶಾರ್ಪ್ ಬರಲಿ ಅಂತ ಎಫ್ 22ಕ್ಕೆ ಹೋಗಬೇಡಿ, ಅಷ್ಟು ಸಣ್ಣ ತೂತಿನಲ್ಲಿ ಬೆಳಕು ಹರಡಿ ಇಡೀ ಫೋಟೋನೇ ಮೆತ್ತಗಾಗುತ್ತದೆ. ಎಪಿಎಸ್-ಸಿ (ಫುಲ್ ಫ್ರೇಮ್‌ಗಿಂತ ಸಣ್ಣ ಅಳತೆಯ) ಸೆನ್ಸರ್ ಆದರೆ 18 ಎಂಎಂ, ಎಫ್ 11ರಲ್ಲಿ ಸುಮಾರು ಒಂದೂವರೆ ಮೀಟರ್ ದೂರಕ್ಕೆ ಫೋಕಸ್ ಮಾಡಿ, ಮುಕ್ಕಾಲು ಮೀಟರ್‌ನಿಂದ ಹಿಡಿದು ಬೆಟ್ಟದವರೆಗೆ ಚೆನ್ನಾಗಿ ಬರುತ್ತದೆ. ಆ ಕಲ್ಲಿಗೆ ಇದು ಸಾಕು. ಕೈ ತಾಗಿ ಅಲುಗದ ಹಾಗೆ 2 ಸೆಕೆಂಡ್ ಟೈಮರ್ ಹಾಕಿ.

ಹೊಸಹಾದಿ:

ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಆ ಕಲ್ಲನ್ನು ನಾನು ಗಮನಿಸಿಯೇ ಇರಲಿಲ್ಲ. ರಾ ಫೈಲ್ ತೆಗೆದರೆ ಇನ್ನೂ ಸಪ್ಪೆ ಕಾಣುತ್ತದೆ ಅಂತಾರೆ, ಅದನ್ನು ಎಲ್ಲಿಂದ ಶುರು ಮಾಡಬೇಕು? ಇನ್ನೊಂದು ಮಾತು, ಇಷ್ಟೆಲ್ಲ ಎಡಿಟ್ ಮಾಡಿದರೆ ಅದು ನೋಡುವವರಿಗೆ ಮೋಸ ಮಾಡಿದ ಹಾಗಲ್ವಾ? ನನಗೆ ಇದು ಮನಸ್ಸಿನಲ್ಲಿ ಕೊರೆಯುತ್ತಲೇ ಇದೆ.

ಕಪ್ಪುಬಿಳುಪು:

ಎರಡನೇ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಅಮೆರಿಕದ ಕಪ್ಪುಬಿಳುಪು ಫೋಟೋಗ್ರಾಫರ್ ಆನ್ಸೆಲ್ ಆಡಮ್ಸ್ 1927ರಲ್ಲಿ ಅಲ್ಲಿನ ಯೊಸೆಮಿಟಿ ಕಣಿವೆಯ ಹಾಫ್ ಡೋಮ್ ಬಂಡೆಯನ್ನು ತೆಗೆಯುವಾಗ ಮೊದಲು ಹಳದಿ ಫಿಲ್ಟರ್ ಹಾಕಿದರು. ಹಾಗೆ ತೆಗೆದರೆ ಬಂಡೆಯ ಮುಂದೆ ತಮಗಾದ ಅನುಭವ ಬರುವುದಿಲ್ಲ ಅನಿಸಿ, ಉಳಿದಿದ್ದ ಕೊನೆಯ ಪ್ಲೇಟಿಗೆ ಕಡು ಕೆಂಪು ಫಿಲ್ಟರ್ ಹಾಕಿದರು, ಆಕಾಶ ಹೆಚ್ಚುಕಡಿಮೆ ಕಪ್ಪಾಗಿ ಬಂತು. 1941ರಲ್ಲಿ ಹರ್ನಾಂಡೆಜ್ ಎಂಬ ಊರಿನ ಮೇಲೆ ಚಂದ್ರ ಮೂಡುವ ಫೋಟೋ ತೆಗೆದರು, ಮುಂದಿನ ವರ್ಷಗಳಲ್ಲಿ ಅದನ್ನು ಪ್ರಿಂಟ್ ಮಾಡುತ್ತಾ ಮಾಡುತ್ತಾ ಆಕಾಶವನ್ನು ಇನ್ನಷ್ಟು ಕಪ್ಪಾಗಿಸಿದರು. ಫೋಟೋ ಪ್ರಿಂಟ್ ಮಾಡುವ ಡಾರ್ಕ್‌ರೂಮಿನಲ್ಲಿ ಡಾಡ್ಜ್ (ಒಂದು ಜಾಗ ಬೆಳಗಿಸುವುದು), ಬರ್ನ್ (ಕತ್ತಲೆ ಮಾಡುವುದು) ಅಂತ ಮಾಡುತ್ತಿದ್ದ ಕೆಲಸವೇ ಈಗ ಮಾಸ್ಕ್, ಅಂದರೆ ಫೋಟೋದ ಒಂದು ಭಾಗವನ್ನು ಮಾತ್ರ ಆರಿಸಿ ಎಡಿಟ್ ಮಾಡುವುದು, ಆಗಿದೆ. ಕ್ಯಾಮೆರಾದ ಜೆಪೆಗ್ ಕೂಡ ಎಡಿಟ್ ಆದದ್ದೇ, ಕಾಂಟ್ರಾಸ್ಟ್ ಎಷ್ಟು, ಬಣ್ಣ ಎಷ್ಟು ಅಂತ ಅದರ ಸಾಫ್ಟ್‌ವೇರ್ ತೀರ್ಮಾನ ಮಾಡಿರುತ್ತದೆ. ಇಲ್ಲದ ಚಂದ್ರನನ್ನು ತಂದು ಅಂಟಿಸಿ ನಿಜ ಅಂತ ತೋರಿಸಿದರೆ ಅದು ಮೋಸ, ನಾನು ಗೆರೆ ಎಳೆಯುವುದು ಅಲ್ಲಿ.

ಈಗ ನಿಮ್ಮ ಫೋಟೋ. ಸ್ಯಾಚುರೇಷನ್ ಸದ್ಯಕ್ಕೆ ಮುಟ್ಟಲೇಬೇಡಿ. ಮೊದಲು ನೇರ ಮಾಡಿ, ನೀರಿನ ಗೆರೆ ಎಡಕ್ಕೆ ವಾಲಿದೆ. ರೆಂಬೆ ಹೋಗುವಷ್ಟು ಕ್ರಾಪ್ ಮಾಡಿ. ಆಮೇಲೆ ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಬಣ್ಣಕ್ಕೆ ಹೊಂದಿಸುವ ಸೆಟ್ಟಿಂಗ್. ಆಟೋದಲ್ಲಿ ಬೆಳಗಿನ ಬೆಚ್ಚನೆ ಬಣ್ಣವನ್ನು ಕ್ಯಾಮೆರಾ ತೊಳೆದುಹಾಕಿರುತ್ತದೆ, ಡೇಲೈಟ್‌ಗೆ, ಅಂದರೆ 5500 ಕೆಲ್ವಿನ್ ಹತ್ತಿರಕ್ಕೆ ತನ್ನಿ, ನಿಮಗೆ ಬೇಕಾದ ಬಣ್ಣ ಅರ್ಧ ಅಲ್ಲೇ ಸಿಗುತ್ತದೆ. ನಂತರ ಹೈಲೈಟ್ (ಬೆಳಕಿನ ಭಾಗ) ಇಳಿಸಿ, ಶ್ಯಾಡೋ (ಕತ್ತಲೆ ಭಾಗ) ಸ್ವಲ್ಪ ಏರಿಸಿ. ಶ್ಯಾಡೋ ಪೂರ್ತಿ ಏರಿಸಿದರೆ ಎಲ್ಲವೂ ಬೂದಿ ಬಣ್ಣಕ್ಕೆ ತಿರುಗುತ್ತದೆ, ಎಲ್ಲೋ ಒಂದು ಕಡೆ ನಿಜವಾದ ಕಪ್ಪು ಉಳಿಯಲೇಬೇಕು.

ಜೀವ ಬರುವುದು ಇದರ ಮುಂದೆ. ಆಕಾಶಕ್ಕೆ ಗ್ರೇಡಿಯೆಂಟ್ ಮಾಸ್ಕ್ ಎಳೆದು ತುಸು ಕತ್ತಲೆ ಮಾಡಿ, ಆದರೆ ಅದು ಬೆಟ್ಟದ ತಲೆಯನ್ನೂ ಕತ್ತಲೆ ಮಾಡುತ್ತದೆ, ಬೆಟ್ಟವನ್ನು ಮಾಸ್ಕ್‌ನಿಂದ ಕಳೆಯಿರಿ. ಇಲ್ಲೇ ತುಂಬಾ ಫೋಟೋಗಳು ಸಿಕ್ಕಿಬೀಳುತ್ತವೆ. ಆಕಾಶ ಇಳಿಸಿ ನೀರನ್ನು ಹಾಗೇ ಬಿಟ್ಟರೆ ಪ್ರತಿಬಿಂಬ ಆಕಾಶಕ್ಕಿಂತ ಜಾಸ್ತಿ ಹೊಳೆಯುತ್ತದೆ. ನೀರು ತನ್ನ ಮೇಲೆ ಬಿದ್ದ ಬೆಳಕನ್ನೆಲ್ಲ ವಾಪಸ್ ಕಳಿಸುವುದಿಲ್ಲ, ಪ್ರತಿಬಿಂಬ ಯಾವಾಗಲೂ ಮೂಲಕ್ಕಿಂತ ಒಂದಿಷ್ಟು ಮಂಕಾಗಿರುತ್ತದೆ. ನೋಡುವವರಿಗೆ ಕಾರಣ ಗೊತ್ತಾಗದಿದ್ದರೂ ಏನೋ ಸರಿಯಿಲ್ಲ ಅನಿಸಿಬಿಡುತ್ತದೆ. ನೀರನ್ನೂ ಜೊತೆಗೇ ಇಳಿಸಿ.

ಡೀಹೇಝ್ (ಮಂಜು ಕಡಿಮೆ ಮಾಡುವ ಟೂಲ್), ಕ್ಲಾರಿಟಿ ವಿಷಯದಲ್ಲಿ ಕೈ ಹಿಡಿತದಲ್ಲಿರಲಿ. ನಿಮ್ಮ ಎಡಿಟ್‌ನಲ್ಲಿ ಬೆಟ್ಟದ ಅಂಚಿನ ಉದ್ದಕ್ಕೂ ಬಿಳಿ ಗೆರೆ ಬಂದಿದೆ, ಅದು ಕ್ಲಾರಿಟಿ ಅತಿಯಾದ ಗುರುತು. ಮಂಜನ್ನು ಒರೆಸಿ ತೆಗೆಯಬೇಡಿ. ದೂರದ್ದು ಮಸುಕಾಗಿ, ನೀಲಿಯಾಗಿ ಕಂಡಾಗಲೇ ಅದು ದೂರ ಅಂತ ಅನಿಸುವುದು.

ಹಸಿರಿಗೆ ಬಣ್ಣ ಏರಿಸುವ ಬದಲು ಎಚ್‌ಎಸ್‌ಎಲ್‌ಗೆ (ಒಂದೊಂದು ಬಣ್ಣವನ್ನು ಬೇರೆಬೇರೆಯಾಗಿ ಬದಲಿಸುವ ಟೂಲ್) ಹೋಗಿ ಹಸಿರನ್ನು ಚೂರು ಹಳದಿ ಕಡೆಗೆ ತಳ್ಳಿ, ಅದರ ಸ್ಯಾಚುರೇಷನ್ ಇಳಿಸಿ. ಪ್ಲಾಸ್ಟಿಕ್ ಕಳೆ ಹೋಗುತ್ತದೆ. ಇನ್ನೂ ಬಣ್ಣ ಬೇಕು ಅನಿಸಿದರೆ ವೈಬ್ರೆನ್ಸ್ ಬಳಸಿ, ಅದು ಮಂಕಾದ ಬಣ್ಣಗಳನ್ನು ಮೊದಲು ಎತ್ತುತ್ತದೆ.

ರಾ ಎಡಿಟ್ ಮಾಡುವ ಸಾಫ್ಟ್‌ವೇರ್‌ಗಳಲ್ಲಿ ಡಾರ್ಕ್‌ಟೇಬಲ್, ರಾಥೆರಪಿ ಎರಡೂ ಉಚಿತ. ಶುರುವಿಗೆ ರಾಥೆರಪಿ ಸುಲಭ ಅನ್ನೋದು ನನ್ನ ಅಭಿಪ್ರಾಯ, ಮಾಸ್ಕ್ ಕೆಲಸಕ್ಕೆ ಡಾರ್ಕ್‌ಟೇಬಲ್ ಮೇಲು.

ಮೊಬೈಲ್‌ಮಿತ್ರ:

ಫೋನಿನಲ್ಲಿ ಮಾಡುವವರಿಗೆ ಸ್ನ್ಯಾಪ್‌ಸೀಡ್ ಆ್ಯಪ್ ಇದೆ, ಡಿಎನ್‌ಜಿ (ಒಂದು ಬಗೆಯ ರಾ) ಫೈಲ್ ಕೂಡ ತೆರೆಯುತ್ತದೆ. ಅದರಲ್ಲಿ ಸೆಲೆಕ್ಟಿವ್ ಅಂತ ಒಂದು ಟೂಲ್ ಇದೆ, ಕಲ್ಲಿನ ಮೇಲೆ ಒಂದು ಚುಕ್ಕೆ ಇಟ್ಟು ಅಷ್ಟು ಜಾಗವನ್ನು ಮಾತ್ರ ಬೆಳಗಿಸಬಹುದು.

ಎಡಿಟ್ ಮುಗಿದ ಮೇಲೆ ಫೋಟೋವನ್ನು ಹೆಬ್ಬೆರಳಿನ ಉಗುರಿನಷ್ಟು ಸಣ್ಣದು ಮಾಡಿ ನೋಡಿ. ಆ ಅಳತೆಯಲ್ಲೂ ಕಣ್ಣು ಮೊದಲು ಬೆಟ್ಟಕ್ಕೇ ಹೋದರೆ ಸರಿ. ಇಲ್ಲದಿದ್ದರೆ ಎಲ್ಲೋ ಮೂಲೆಯಲ್ಲಿ ಏನೋ ಜಾಸ್ತಿ ಹೊಳೆಯುತ್ತಿದೆ ಅಂತ ಅರ್ಥ, ಅದನ್ನು ಹುಡುಕಿ ಇಳಿಸಿ. ಮಾರನೇ ದಿನ ಮತ್ತೊಮ್ಮೆ ತೆರೆದು ನೋಡಿ, ರಾತ್ರಿ ಕೂತು ಎಡಿಟ್ ಮಾಡುವಾಗ ಕಣ್ಣು ಬಣ್ಣಕ್ಕೆ ಒಗ್ಗಿಹೋಗಿರುತ್ತದೆ.

ಹೊಸಹಾದಿ:

ಈಗಲೇ ನೇರ ಮಾಡಿ, ಡೇಲೈಟ್ ಹಾಕಿ ನೋಡಿದೆ. ಜೆಪೆಗ್ ಆದ್ದರಿಂದ ಪೂರ್ತಿ ಬರಲಿಲ್ಲ, ಆದರೂ ಬೆಟ್ಟದ ಮೇಲಿನ ಕೆಂಪು ಕಾಣಿಸುತ್ತಿದೆ! ಗಾಳಿ ಇಲ್ಲದ ಬೆಳಗ್ಗೆ ನೋಡಿಕೊಂಡು ರಾದಲ್ಲಿ ಮತ್ತೆ ತೆಗೆದು ಇಲ್ಲೇ ಹಾಕುತ್ತೇನೆ. ಕಲ್ಲಿನ ಎತ್ತರದ ವಿಷಯ ಸರಿಯಾಗಿ ಬಂದಿದೆಯಾ ಅಂತ ನೆರಳುಬೆಳಕು ಅವರೇ ನೋಡಿ ಹೇಳಬೇಕು.

ನೆರಳುಬೆಳಕು:

ಖಂಡಿತ ಹಾಕಿ. ಒಂದೇ ಎತ್ತರದಲ್ಲಿ ನಿಲ್ಲಬೇಡಿ, ಕೆಳಗೆ, ಸ್ವಲ್ಪ ಮೇಲೆ, ಇನ್ನೂ ಮೇಲೆ ಅಂತ ಮೂರು ತೆಗೆದು ಮೂರನ್ನೂ ಹಾಕಿ. ಸೂರ್ಯ ಹುಟ್ಟುವುದಕ್ಕೆ ಅರ್ಧ ಗಂಟೆ ಮುಂಚೆಯೇ ಹೋಗಿ ಟ್ರೈಪಾಡ್ ಜಾಗ ಗೊತ್ತುಮಾಡಿಕೊಳ್ಳಿ, ಬೆಳಕು ಬಂದ ಮೇಲೆ ಹುಡುಕುತ್ತಾ ಕೂತರೆ ಆ ಕೆಂಪು ಬೇಗ ಹೋಗಿಬಿಡುತ್ತದೆ.