ಚೀಲ, ತಾಡಪತ್ರಿ ಅಂಗಡಿಗೆ ಬ್ಯಾಡಗಿಯೋ ರಾಣೆಬೆನ್ನೂರೋ?

ಹೊಸ ಅಂಗಡಿ:
ಹಾವೇರಿ ಜಿಲ್ಲೆಯಲ್ಲಿ ಗೋಣಿಚೀಲ, ತಾಡಪತ್ರಿ, ಸುತಳಿ, ದಬ್ಬಣ ಮಾರುವ ಅಂಗಡಿ ಹಾಕಬೇಕು. ಬ್ಯಾಡಗಿ, ರಾಣೆಬೆನ್ನೂರು ಎರಡೂ ಕಡೆ ಜಾಗ ಸಿಗ್ತಿದೆ. ಯಾವ ಊರಲ್ಲಿ ಯಾವಾಗ ದುಡ್ಡು ಓಡಾಡುತ್ತೆ, ಉದ್ರಿ ಎಷ್ಟು ದಿನ ನಿಲ್ಲುತ್ತೆ? ಬಲ್ಲವರು ತಿಳಿಸಿ.

ಲಾಟ್ ನಂಬರ್:
ಬ್ಯಾಡಗಿ ಅಂದ್ರ ಮೆಣಸಿನಕಾಯಿ, ಮೆಣಸಿನಕಾಯಿ ಅಂದ್ರ ಸೋಮವಾರ, ಗುರುವಾರದ ಮಾರುಕಟ್ಟಿ. ಜನವರಿಗೆ ಆವಕ ಶುರುವಾಗ್ತದ, ಫೆಬ್ರವರಿ-ಮಾರ್ಚ್‌ನಾಗ ಒಂದ ದಿನಕ್ಕ ಲಕ್ಷಕ್ಕೂ ಮೀರಿ ಚೀಲ ಬಂದದ್ದುಂಟು. ಮೇ ಮುಗಿದ ಮ್ಯಾಲ ಪ್ಯಾಟಿ ತಣ್ಣಗಾಗ್ತದ, ಆಮೇಲೆ ನಡೆಯೋದು ಕೋಲ್ಡ್ ಸ್ಟೋರೇಜ್ ಮಾಲಿನ ವ್ಯಾಪಾರ.

ಕೆಲಸದ ಸರಣಿ ತಿಳ್ಕೊಳ್ರಿ, ನಿಮ್ಮ ಗಿರಾಕಿ ಯಾರಂತ ಗೊತ್ತಾಗ್ತದ. ರೈತ ಚೀಲ ತಂದು ದಲಾಲಿ ಅಂಗಡಿ ಮುಂದ ಇಳಸ್ತಾನ, ಆ ರಾಶಿಗೆ ಒಂದು ಲಾಟ್ ನಂಬರ್ ಬೀಳ್ತದ. ಖರೀದಿದಾರ ಒಂದು ಕಾಯಿ ಎತ್ತಿ ಕಿವಿ ಹತ್ರ ಅಲ್ಲಾಡಸ್ತಾನ. ಬೀಜ ಗಲಗಲ ಅಂದ್ರ ಒಣಗೇತಿ. ಮುರಿದು ಬೆರಳಿಗೆ ತಿಕ್ಕಿ ಬಣ್ಣ ನೋಡ್ತಾನ. ಆಮೇಲೆ ಇ-ಟೆಂಡರ್. ದರ ಒಪ್ಪಿಗಿ ಆಗದಿದ್ರ ರೈತ ಬ್ಯಾಡ ಅನ್ನಬಹುದು. ತೂಕ ಆದ ಮ್ಯಾಲ ಮಾಲು ಕಣಕ್ಕ ಹೋಗ್ತದ. ಅಲ್ಲಿ ಹೆಣ್ಣುಮಕ್ಕಳು ತುಂಬು (ಕಾಯಿಯ ತೊಟ್ಟು) ಬಿಡಸ್ತಾರ, ಬಿಳಿಗಾಯಿ ಆರಿಸಿ ತಗೀತಾರ. ಆಮೇಲೆ ಹೊಸ ಚೀಲ, ಹೊಲಿಗಿ, ಲಾರಿ ಇಲ್ಲವೇ ಕೋಲ್ಡ್ ಸ್ಟೋರೇಜ್. ಅಂದ್ರ ಚೀಲ ಕೊಳ್ಳಾವ ರೈತನಲ್ಲ, ಖರೀದಿದಾರ. ಉದ್ರಿ ಹೇಳಾವನೂ ಅವನ.

ತಟ್ಟು-ಸುತಳಿ:
ಸರಕಿನ ಮಾತು ಸೇರಿಸುವೆ. ಒಣ ಮೆಣಸಿನಕಾಯಿಗೆ ಪ್ಲಾಸ್ಟಿಕ್ ಚೀಲ ಆಗಲ್ಲ. ಉಸಿರಾಡದೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತೆ. ಸೆಣಬಿನದೇ ಬೇಕು. ತೇವ ನೂರಕ್ಕೆ 10-11ರ ಆಸುಪಾಸು ಇದ್ದರಷ್ಟೇ ಕೋಲ್ಡ್ ಸ್ಟೋರೇಜಿನಲ್ಲಿ ಬಣ್ಣ ನಿಲ್ಲುತ್ತೆ. ಕಾಯಿ ಮುರಿಯದಿರಲಿ ಅಂತ ನೀರು ಚಿಮುಕಿಸಿ ತುಂಬುವವರಿದ್ದಾರೆ. ಅದೇ ಮಾಲು ಒಳಗೆ ಬಿಳಿಚಿ ಹಾಳಾಗುತ್ತೆ, ಕೊನೆಗೆ ಬೈಗುಳ ಚೀಲಕ್ಕೆ! ಹಳೇ ಚೀಲ ಮಾರುವುದಾದರೆ ಗೊಬ್ಬರ, ಸಿಮೆಂಟು ತುಂಬಿದ್ದವನ್ನು ಮುಟ್ಟಲೇಬೇಡಿ. ಇದು ತಿನ್ನುವ ಪದಾರ್ಥ.

ತಾಡಪತ್ರಿಗೆ ಮಾರ್ಚ್-ಏಪ್ರಿಲ್‌ನ ಅಡ್ಡಮಳೆಯೇ ಸೀಸನ್. ಮೋಡ ಕಂಡ ಅರ್ಧ ಗಂಟೆಯಲ್ಲಿ ಕಣದವರು ಓಡಿ ಬರುತ್ತಾರೆ. ಆಗ ಅಂಗಡಿಯಲ್ಲಿ ಇದ್ದದ್ದೇ ಮಾರುತ್ತೆ, ಆರ್ಡರ್ ಹಾಕಿ ತರಿಸುವಷ್ಟು ಸಮಯ ಇರಲ್ಲ. ತೆಳು ಹಾಳೆ ಗಾಳಿಗೆ ಹಗ್ಗ ಕಟ್ಟುವ ತೂತಿನಲ್ಲೇ ಹರಿಯುತ್ತೆ, ದಪ್ಪದ್ದನ್ನೇ ಹೆಚ್ಚು ಇಡಿ.

ಬೀಜದ ಲೆಕ್ಕ:
ರಾಣೆಬೆನ್ನೂರಿನ ಗತ್ತೇ ಬೇರೆ. 2011ರ ಜನಗಣತಿಯಲ್ಲಿ ರಾಣೆಬೆನ್ನೂರಿನ ಜನಸಂಖ್ಯೆ 1,06,406, ಜಿಲ್ಲಾ ಕೇಂದ್ರ ಹಾವೇರಿಯದು 67,102. ಒಂದೇ ಬೆಳೆಗೆ ಜೋತುಬಿದ್ದ ಊರಲ್ಲ: ಹತ್ತಿ, ಗೋವಿನಜೋಳ, ಜೊತೆಗೆ ಹತ್ತಿ-ತರಕಾರಿ ಹೈಬ್ರಿಡ್ ಬೀಜೋತ್ಪಾದನೆ. ಸುತ್ತಲಿನ ಹಳ್ಳಿಗಳಲ್ಲಿ ಸಂಜೆ ಮೊಗ್ಗಿನ ಕೇಸರ ಕಿತ್ತು, ಮರುದಿನ ಬೆಳಗ್ಗೆ ಗಂಡು ಹೂವಿನ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸ ತಿಂಗಳುಗಟ್ಟಲೆ ನಡೆಯುತ್ತೆ. ಕೂಲಿ ದುಡ್ಡು ಹೆಚ್ಚಾಗಿ ಹೆಣ್ಣುಮಕ್ಕಳ ಕೈಗೆ ಬಂದು ಬಟ್ಟೆ-ಕಿರಾಣಿಗೆ ಸಂತೆ ಸೇರುತ್ತೆ. ಬೆಳೆದ ರೈತನಿಗೆ ಮಾತ್ರ ಹಣ ತಡ. ಮೊಳಕೆ, ತಳಿಶುದ್ಧತೆ ಪರೀಕ್ಷೆ ಪಾಸಾಗಬೇಕು. ಬೀಜ ಫೇಲಾದರೆ ವರ್ಷದ ಲೆಕ್ಕವೇ ತಲೆಕೆಳಗು. ಅವರಿಗೆ ಉದ್ರಿ ಕೊಡುವಾಗ ಇದನ್ನು ನೆನಪಿಡಿ. ನಿಮಗೆ ನಗದು ಕೊಡುವವನು ಗೋವಿನಜೋಳದ ರೈತ. ಅಕ್ಟೋಬರ್‌ನಿಂದ ಒಣಹಾಕಲು ತಾಡಪತ್ರಿ, ತುಂಬಲು ಪ್ಲಾಸ್ಟಿಕ್ ಚೀಲ.

ಹೊಸ ಅಂಗಡಿ:
ತಿಳೀತು. ಬ್ಯಾಡಗಿ ತಾಲೂಕಿನ ಬೆಳೆ ನೋಡಿಕೊಂಡು ಜನವರಿಗೆ ಚೀಲ ದಾಸ್ತಾನು ಮಾಡಬಹುದಾ?

ಲಾಟ್ ನಂಬರ್:
ಅಲ್ಲೇ ಎಡವ್ತಾರ್ರಿ. ಬ್ಯಾಡಗಿ ಹೆಸರಿಗೆ 2011ರಾಗ ಜಿಐ (ಭೌಗೋಳಿಕ ಸೂಚಕ) ಸಿಕ್ಕೇತಿ, ಆದ್ರ ಮಾರುಕಟ್ಟಿಗೆ ಬರೂ ಮಾಲಿನಾಗ ದೊಡ್ಡ ಪಾಲು ಬಳ್ಳಾರಿ, ರಾಯಚೂರು, ಕರ್ನೂಲು ಕಡೀದು. ಕುಂದಗೋಳ ಭಾಗದ್ದೂ ಬರ್ತದ. ನೀವು ನೋಡಬೇಕಾದ್ದು ಆ ಕಡೆ ಎಷ್ಟು ಎಕರೆ ನಾಟಿ ಆತು, ತುಂಗಭದ್ರಾ ಕಾಲುವಿಗೆ ನೀರು ಎಲ್ಲಿ ತನಕ ಬಿಡ್ತಾರ ಅನ್ನೋದು. ಹಿಂದಿನ ವರ್ಷದ ಮಾಲು ಕೋಲ್ಡ್ ಸ್ಟೋರೇಜಿನಾಗ ಎಷ್ಟು ಉಳಿದೈತಿ, ಅದನ್ನೂ ಕೇಳ್ರಿ. ದರ ಏರಿದ ಮರುವರ್ಷ ಎಲ್ಲಾರೂ ಮೆಣಸಿನಕಾಯಿನ ಹಚ್ತಾರ. 2024ರ ಮಾರ್ಚ್ 11ಕ್ಕ ದರ ಕುಸಿದು ಸಿಟ್ಟಿಗೆದ್ದ ರೈತರು ಎಪಿಎಂಸಿ ಆವರಣದಾಗ ಬೆಂಕಿ ಹಚ್ಚಿದ್ದು ಎಲ್ಲಾರೂ ನೋಡೇವಿ. ಆವಕ ಹೆಚ್ಚಾದ್ರ ಚೀಲ ಖರ್ಚಾಗ್ತಾವ ಖರೆ, ದರ ಬಿದ್ರ ವಸೂಲಿ ನಿಲ್ತದ. ಮೊದಲ ವರ್ಷ ರಾಣೆಬೆನ್ನೂರಾಗ ಅಂಗಡಿ ಹಾಕ್ರಿ. ಬ್ಯಾಡಗಿಯೊಳಗ ಜನವರಿಯಿಂದ ಮೇ ತನಕ ಒಂದು ಗೋದಾಮು ಬಾಡಿಗಿ ಹಿಡೀರಿ, ಸೋಮವಾರ-ಗುರುವಾರ ಅಷ್ಟ ಬಾಗಿಲಾ ತಗದ್ರ ಸಾಕು.